ಕಳ್ಳರ ದೇಶಕ್ಕೆ ಆರು ಲೀವರಿನ ಬೀಗ

ಬೀಗದಕ್ಕ ತಂಗಿಯ ಊರಿಗೆ ಹೊರಟಿದ್ದಾಳೆ ಎಂಬ ಸುದ್ದಿ ಬೀದಿಯಲ್ಲಿ ಹಬ್ಬಿದ್ದೇ ತಡ, ಅವಳ ಬೀಗದ ಅಂಗಡಿಗೆ ಗಿರಾಕಿಗಳಿಗಿಂತ ಬುದ್ಧಿ ಹೇಳುವವರೇ ಹೆಚ್ಚು ಬರತೊಡಗಿದರು. ತಂಗಿ ಇರುವುದು ಗಡಿಯಾಚೆ, ಹೆಸರು ಕೆಟ್ಟ ದೇಶದಲ್ಲಿ. ಎಷ್ಟು ಕೆಟ್ಟ ಹೆಸರೆಂದರೆ, ಈ ಕಡೆ ಮಕ್ಕಳು ಊಟಕ್ಕೆ ಹಟ ಮಾಡಿದರೆ "ಅಲ್ಲಿಗೆ ಕಳಿಸಿಬಿಡ್ತೀನಿ ನೋಡು" ಎಂದು ಹೆದರಿಸುತ್ತಿದ್ದರು.

"ಅಲ್ಲಿ ನಿಂತ ನಿಲುವಿನಲ್ಲೇ ಕಾಲಿನ ಚಪ್ಪಲಿ ಬಿಚ್ಕೊಂಡು ಹೋಗ್ತಾರಂತೆ" ಎಂದ ಎದುರಿನ ಪಾತ್ರೆ ಅಂಗಡಿಯವನು.

"ಚಪ್ಪಲಿ ಹಾಳಾಗಿ ಹೋಗ್ಲಿ. ನಮ್ಮ ಭಾವನ ಸ್ನೇಹಿತರೊಬ್ಬರ ಬಾಯಿಂದ ಚಿನ್ನದ ಹಲ್ಲೇ ಹೋಯ್ತಂತೆ. ಬಸ್ಸಲ್ಲಿ ಆಕಳಿಸಿದ್ರಂತೆ, ಅಷ್ಟೇ" ಎಂದಳು ಔಷಧಿ ಅಂಗಡಿಯಾಕೆ.

ಇವರಲ್ಲಿ ಒಬ್ಬರೂ ಆ ನೆಲ ಮೆಟ್ಟಿದವರಲ್ಲ. ಭಾವನ ಸ್ನೇಹಿತರನ್ನು ಕಂಡವರೂ ಯಾರೂ ಇರಲಿಲ್ಲ.

"ಹಾಗಾದ್ರೆ ನಾನು ಬಾಯಿ ಮುಚ್ಕೊಂಡು ಹೋಗ್ತೀನಿ" ಎಂದಳು ಬೀಗದಕ್ಕ, ಅರ ಹಾಕುತ್ತಿದ್ದ ಕೆಲಸದಿಂದ ತಲೆ ಎತ್ತದೆ. "ನೀವೂ ಸ್ವಲ್ಪ ಅಭ್ಯಾಸ ಮಾಡ್ಕೊಳ್ಳಿ, ಒಳ್ಳೇದು."

ಬಾಯಿಗೇನೋ ಹೀಗೆ ಬಂತು. ಒಳಗೆ ಮಾತ್ರ ಅವಳಿಗೂ ಪುಕಪುಕ. ಈ ಮನೆಯಿಂದ ಯಾರೂ ತಂಗಿಯ ಮನೆಯ ಹೊಸಿಲು ತುಳಿದಿರಲಿಲ್ಲ. ಆ ದೇಶದ ಹುಡುಗನನ್ನು ಮದುವೆಯಾಗಿ ಅವಳು ಹೋದಾಗಿನಿಂದ ಹೀಗೇ. ಅಪ್ಪ ಪ್ರತಿ ವರ್ಷ ಹೋಗಿ ಬರುತ್ತೇನೆ ಎನ್ನುತ್ತಿದ್ದರು. ಪ್ರತಿ ವರ್ಷ ಯಾರಾದರೊಬ್ಬರು ಪೇಪರು ಹಿಡಿದು ಬಂದು ಅಲ್ಲಿನ ಹೊಸದೊಂದು ಸುದ್ದಿ ಓದಿ ಹೇಳುತ್ತಿದ್ದರು. ಅಪ್ಪ ಚೀಲ ಕೆಳಗಿಡುತ್ತಿದ್ದರು. ತಂಗಿಯೂ ಬರಲಿಲ್ಲ. "ನಾನಿರೋ ಊರಿಗೆ ಬರೋಕೆ ಹೆದರೋರ ಮನೆಗೆ ನಾನ್ಯಾಕೆ ಬರ್ಲಿ?" ಎಂದು ಫೋನಿನಲ್ಲಿ ನಗುತ್ತಲೇ ಕೇಳುತ್ತಿದ್ದಳು. ಅವಳು ನಗುತ್ತಾ ಹೇಳಿದ ಮಾತುಗಳೇ ಹೆಚ್ಚು ಚುಚ್ಚುತ್ತಿದ್ದವು. ಅಪ್ಪ ತೀರಿಕೊಂಡಾಗ ಗಡಿ ಮುಚ್ಚಿತ್ತು. ಬರಬೇಕೆಂದರೂ ಅವಳಿಗೆ ಬರಲಾಗಲಿಲ್ಲ.

ಈಗ ಬೀಗದಕ್ಕ ಹೊರಟಿದ್ದು ಅಪ್ಪನ ಮಾತಿಗೆ. ಅಪ್ಪ ಹಾಸಿಗೆ ಹಿಡಿದಾಗ ತಮ್ಮ ಉಪಕರಣದ ಪೆಟ್ಟಿಗೆ ತರಿಸಿಕೊಂಡು ಎದೆಯ ಮೇಲಿಟ್ಟುಕೊಂಡಿದ್ದರು. ಅಂಗೈ ಎರಡು ಸೇರಿಸಿದಷ್ಟು ಅಗಲದ ಮರದ ಪೆಟ್ಟಿಗೆ. ಒಳಗೆ ಅವರೇ ಬಡಿದು, ಬಾಗಿಸಿ, ಉಜ್ಜಿ ಮಾಡಿದ ಸಣ್ಣ ಕೊಕ್ಕೆಗಳು, ಕಡ್ಡಿಗಳು. ಕೀಲಿಕೈ ಕಳೆದುಹೋದ ಬೀಗವನ್ನು ಒಡೆಯದೆ, ಗೀರದೆ ತೆರೆಯುವುದಕ್ಕೆ ಸುತ್ತಲಿನ ಊರುಗಳಲ್ಲಿ ಅಂಥವು ಬೇರೆ ಇರಲಿಲ್ಲ.

"ಇದನ್ನ ಪುಟ್ಟಿಗೆ ಕೊಂಡುಹೋಗಿ ಕೊಡು" ಎಂದರು ಅಪ್ಪ, ತಂಗಿಯ ಮುದ್ದಿನ ಹೆಸರು ಹಿಡಿದು. "ಅವಳ ಕೈಗೆ ಇನ್ನೂ ಕೇಳಿಸುತ್ತಾ ನೋಡು. ಕೇಳಿಸಿದ್ರೆ ಕೊಡು. ಇಲ್ಲಾಂದ್ರೆ ವಾಪಸ್ ತಂದು ನೀನೇ ಇಟ್ಕೋ."

ಬೀಗದ ವಿಷಯ ಬಂದರೆ ಅಪ್ಪ ಕಿವಿಯ ಕೆಲಸವನ್ನೆಲ್ಲ ಕೈಗೇ ಒಪ್ಪಿಸುತ್ತಿದ್ದರು. ಕೈಗೆ ಕೇಳಿಸಬೇಕು, ಕೈಗೆ ಕೇಳಿಸಬೇಕು ಎಂದು ಇಬ್ಬರು ಹೆಣ್ಣುಮಕ್ಕಳನ್ನೂ ಚಿಕ್ಕಂದಿನಲ್ಲೇ ಕೆಲಸದ ಮೇಜಿನ ಮುಂದೆ ಕೂರಿಸಿದ್ದರು. ದೊಡ್ಡವಳು ಬೀಗ ಮಾಡುವುದರಲ್ಲಿ ಗಟ್ಟಿ. ಚಿಕ್ಕವಳು ಅಕ್ಕ ಮಾಡಿದ ಬೀಗ ತೆರೆಯುವುದರಲ್ಲಿ ಚುರುಕು. ಒಬ್ಬಳು ಮಾಡುವುದು, ಇನ್ನೊಬ್ಬಳು ತೆರೆಯುವುದು, ಮೂರನೆಯವರಾಗಿ ಅಪ್ಪ ನಗುವುದು. ಆಮೇಲೆ ಚಿಕ್ಕವಳು ಮದುವೆಯಾಗಿ ಹೋದಳು. ಅಲ್ಲಿ ಗಂಡನ ಜೊತೆ ಲಾಂಡ್ರಿ ಅಂಗಡಿ ನಡೆಸತೊಡಗಿದಳು. ಸೋಪಿನ ನೀರಲ್ಲಿ ಕೈ ಅದ್ದಿಕೊಂಡಿರುವವಳಿಗೆ ಇನ್ನು ಬೀಗ ಎಲ್ಲಿ ಕೇಳಿಸಬೇಕು?

ಕೇಳಿಸದಿರಲಿ ಎಂಬ ಆಸೆ ಬೀಗದಕ್ಕನಿಗೆ ಇತ್ತು. ಇತ್ತು ಎಂದರೆ ಇತ್ತು, ಮುಚ್ಚಿಡುವುದೇಕೆ? ಅಪ್ಪನ ಪಕ್ಕದಲ್ಲಿ ಜೀವಮಾನವಿಡೀ ಕೂತು ದುಡಿದವಳು ಅವಳು. ಆ ಪೆಟ್ಟಿಗೆ ಅವಳ ಬಲಗೈ ಪಕ್ಕದಲ್ಲೇ ಇದ್ದುಕೊಂಡು ಬಂದದ್ದು. ಅದನ್ನು ಬಟ್ಟೆ ಒಗೆಯುವವಳಿಗೆ ಕೊಟ್ಟು ಬಾ ಎಂದರೆ ಯಾರ ಹೊಟ್ಟೆಯಾದರೂ ಚುರ್ ಎನ್ನದೇ ಇರುತ್ತದೆಯೇ? ಆದರೂ ಅಪ್ಪನ ಮಾತು. ಹೋಗಬೇಕು, ನೋಡಬೇಕು, ನ್ಯಾಯವಾಗಿ ಹೇಳಬೇಕು.

ಕಳ್ಳರ ದೇಶಕ್ಕೆ ಹೋಗುವವಳು ಬೀಗದ ಅಂಗಡಿಯವಳಾದರೆ ಕೇಳಬೇಕೆ! ಅಪ್ಪನ ಕಾಲದ ಉಕ್ಕಿನ ಟ್ರಂಕು ಹೊರಬಂತು. ಅದಕ್ಕೆಂದೇ ಅವಳು ಒಂದು ಹೊಸ ಬೀಗ ಮಾಡಿದಳು. ಹಿತ್ತಾಳೆ ಮೈ, ಉಕ್ಕಿನ ಕೊಂಡಿ, ಒಳಗೆ ಆರು ಲೀವರು, ಅಂದರೆ ಮೇಲೆ ಕೆಳಗೆ ಆಡುವ ಸಣ್ಣ ತಗಡುಗಳು. ಕೀಲಿಕೈ ತಿರುಗಿದಾಗ ಆರೂ ತಮ್ಮ ತಮ್ಮ ಎತ್ತರಕ್ಕೆ ಎದ್ದು ನಿಂತರೆ ಮಾತ್ರ ಬೀಗ ಬಿಡುತ್ತದೆ. ಅದರಲ್ಲಿ ನಾಲ್ಕನೆಯದು ಅವಳದೇ ಕಿಲಾಡಿತನ: ಕಡ್ಡಿ ಹಾಕಿ ಎತ್ತಿದರೆ "ಸರಿಯಾಯ್ತು" ಎನ್ನುವಂತೆ ಸಣ್ಣಗೆ ಸದ್ದು ಮಾಡುತ್ತದೆ, ಆದರೆ ಸರಿಯಾಗಿರುವುದಿಲ್ಲ. ನಂಬಿ ಮುಂದೆ ಹೋದವನ ಕೆಲಸವೆಲ್ಲ ಕೆಟ್ಟು ಮೊದಲಿನಿಂದ ಶುರು. "ಆ ದೇಶದ ಕಳ್ಳರೆಲ್ಲ ಸಾಲಾಗಿ ಬಂದು ಕೂತ್ರೂ ಇದನ್ನ ತೆಗೆಯೋಕಾಗಲ್ಲ" ಎಂದು ಅವಳು ಅಂಗೈಯಲ್ಲಿಟ್ಟು ತೂಗಿದಳು. ಮುಖದಲ್ಲಿ ಹೆಮ್ಮೆ ಹಿಡಿಸಲಾರದಷ್ಟಿತ್ತು.

ಟ್ರಂಕಿನಲ್ಲಿ ಬಟ್ಟೆ, ತಂಗಿಗೆ ನೇಯ್ದ ಹೊದಿಕೆ, ಹತ್ತಿರದ್ದನ್ನು ನೋಡುವ ಕನ್ನಡಕ, ಎಲ್ಲಕ್ಕಿಂತ ಕೆಳಗೆ ಅಪ್ಪನ ಪೆಟ್ಟಿಗೆ ಇಟ್ಟಳು. ಬೀಗ ಹಾಕಿದಳು. ಎಳೆದು ನೋಡಿದಳು.

ಇಲ್ಲಿ ಆ ಅಂಗಡಿಯ ಒಂದು ಕಟ್ಟಳೆ ಹೇಳಬೇಕು. ಹೊಸ ಬೀಗ ಗಿರಾಕಿಯ ಮನೆಗೆ ಹೋಗುವಾಗ ಬೀಗ, ಕೀಲಿಕೈ ಎರಡೂ ಒಂದೇ ಚೀಲದಲ್ಲಿ ಹೋಗುವಂತಿಲ್ಲ. ಬೀಗ ಅವಳು ಒಯ್ಯುತ್ತಾಳೆ. ಕೀಲಿಕೈಯನ್ನು ಅವಳ ಗಂಡ ಬೇರೆ ದಾರಿಯಲ್ಲಿ ತರುತ್ತಾನೆ. ದಾರಿಯಲ್ಲಿ ಒಂದು ಹೋದರೂ ಇನ್ನೊಂದು ಉಳಿಯಲಿ ಎಂದು ಅಪ್ಪ ಹಾಕಿದ ಕಟ್ಟಳೆ. ಮದುವೆಯಾದಂದಿನಿಂದ ಗಂಡಹೆಂಡತಿ ಇದನ್ನು ಮಾಡಿಕೊಂಡು ಬಂದು, ಈಗ ಅದು ಕೆಮ್ಮು ಬಂದರೆ ಬಾಯಿಗೆ ಕೈ ಅಡ್ಡ ಹಿಡಿಯುವಷ್ಟು ಸಲೀಸಾಗಿತ್ತು.

ಹಾಗಾಗಿ ಬಸ್ ನಿಲ್ದಾಣದಲ್ಲಿ ಬೀಗದಕ್ಕ ಟ್ರಂಕು ಬಸ್ಸಿಗೆ ಏರಿಸಿ, ಸೊಂಟದಿಂದ ಕೀಲಿಕೈ ತೆಗೆದು ಗಂಡನ ಕೈಗೆ ಕೊಟ್ಟಳು. ಗಂಡ ಅದನ್ನು ಅಂಗಿಯ ಜೇಬಿಗೆ ಇಳಿಬಿಟ್ಟು, ಮೇಲಿನ ಗುಂಡಿ ಹಾಕಿ, ಜೇಬು ತಟ್ಟಿ ನೋಡಿಕೊಂಡ.

"ಹುಷಾರು ಕಣೇ" ಎಂದ.

"ನೀವು ಹುಷಾರು. ಅಂಗಡಿ ಬಾಗಿಲು ಎರಡು ಸಲ ಎಳೆದು ನೋಡಿ" ಎಂದಳು.

ಬಸ್ಸು ಹೊರಟಿತು. ಅವನು ಕೈ ಬೀಸಿದ. ಅವಳೂ ಬೀಸಿದಳು. ಮಾಡಿದ ಎಡವಟ್ಟು ಇಬ್ಬರ ತಲೆಗೂ ಹೊಳೆಯಲಿಲ್ಲ.

ಗಡಿಯಲ್ಲಿ ಎಲ್ಲರ ಸಾಮಾನನ್ನೂ ಯಂತ್ರದೊಳಗೆ ತೂರಿಸಿದರು. ಪರದೆ ನೋಡುತ್ತಿದ್ದ ಅಧಿಕಾರಿ ಅವಳನ್ನು ಹತ್ತಿರ ಕರೆದ.

"ಏನಮ್ಮಾ ಇದು, ಕಡ್ಡಿಗಳು, ಕೊಕ್ಕೆಗಳು?"

"ಬೀಗ ತೆಗೆಯೋ ಉಪಕರಣ. ನಮ್ಮಪ್ಪಂದು."

ಅವನು ಪರದೆ ನೋಡಿದ, ಅವಳನ್ನು ನೋಡಿದ, ಮೀಸೆಯಡಿ ನಕ್ಕ. "ನಮ್ಮ ದೇಶಕ್ಕೆ ಬೀಗ ತೆಗೆಯೋರು ಹೊರಗಿಂದ ಬರೋ ಹಾಗಾಯ್ತಾ! ನಮ್ಮೋರ ಹೆಸರೇನು ಉಳೀತು?" ಎಂದು ಮುಂದೆ ಬಿಟ್ಟ. "ನೋಡ್ಕೊಂಡು ಹೋಗಿ. ಇಲ್ಲಿ ಏನೂ ಭಯ ಇಲ್ಲ. ದೊಡ್ಡೂರಲ್ಲಿ ಮಾತ್ರ ಸ್ವಲ್ಪ ಜೋಪಾನ."

ಬಸ್ಸು ಆ ನೆಲದಲ್ಲಿ ಓಡತೊಡಗಿತು. ಬೀಗದಕ್ಕ ಟ್ರಂಕಿನ ಮೇಲೆ ಎರಡೂ ಪಾದ ಇಟ್ಟು, ಬಾಯಿ ಬಿಗಿ ಹಿಡಿದು ಕೂತಳು. ಆಕಳಿಕೆ ಬಂದರೆ ಕಿಟಕಿ ಕಡೆ ತಿರುಗುತ್ತಿದ್ದಳು. ಚಿನ್ನದ ಹಲ್ಲು ಅವಳಿಗೆ ಇರಲಿಲ್ಲ, ಆದರೂ. ಎಚ್ಚರವಾಗಿರಬೇಕೆಂದು ಎಷ್ಟು ಗಟ್ಟಿಯಾಗಿ ಅಂದುಕೊಂಡಳೋ ಅಷ್ಟೇ ಗಟ್ಟಿ ನಿದ್ದೆ ಬಂತು. ಎದ್ದು ನೋಡಿದರೆ ಪಾದದ ಕೆಳಗೆ ಟ್ರಂಕಿಲ್ಲ.

"ಅಯ್ಯೋ, ನನ್ನ ಟ್ರಂಕು!" ಎಂದು ಬಸ್ಸೇ ನಡುಗುವಂತೆ ಕೂಗಿದಳು.

"ಇಲ್ಲಿದೆ ತಾಯಿ" ಎಂದ ಹಿಂದಿನ ಸೀಟಿನ ಮುದುಕ. ಟ್ರಂಕು ಅವನ ತೊಡೆಯ ಮೇಲಿತ್ತು. ಅಡ್ಡದಾರಿಯಲ್ಲಿ ಎಲ್ಲಿಂದಲೋ ನೀರು ನುಗ್ಗಿ ಬಸ್ಸಿನ ನೆಲವೆಲ್ಲ ಒದ್ದೆಯಾಗಿತ್ತಂತೆ. ಅವಳನ್ನು ಎಬ್ಬಿಸುವುದು ಬೇಡವೆಂದು ಪಕ್ಕದವರು ಅವಳ ಕಾಲೆತ್ತಿ ಚೀಲವೊಂದರ ಮೇಲಿಟ್ಟು, ಟ್ರಂಕನ್ನು ಹಿಂದಕ್ಕೆ ದಾಟಿಸಿದ್ದರು. "ಏನಮ್ಮ ಇದರೊಳಗೆ, ಕಲ್ಲು ತುಂಬಿದ್ದೀರಾ? ನನ್ನ ತೊಡೆ ಇನ್ನು ನನ್ನದಲ್ಲ" ಎಂದು ಅವನು ಟ್ರಂಕು ಹಿಂದಿರುಗಿಸಿದ. ಅವಳಿಗೆ ನಾಚಿಕೆಯಿಂದ ಕಿವಿ ಬಿಸಿಯಾದವು. ಧನ್ಯವಾದ ಹೇಳಿದಳು. ಆದರೂ ಬೀಗವನ್ನೊಮ್ಮೆ ಮುಟ್ಟಿ ನೋಡಿದಳು, ಚಾಳಿ.

"ಎಲ್ಲಿಗೆ ಹೊರಟಿದ್ದೀರಿ?" ಎಂದ ಮುದುಕ. ದೊಡ್ಡೂರು ಎಂದಳು. "ದೊಡ್ಡೂರಲ್ಲೇನೂ ತೊಂದರೆ ಇಲ್ಲ, ಕೆಳಪೇಟೆಗೆ ಮಾತ್ರ ಹೋಗ್ಬೇಡಿ" ಎಂದ. ತಂಗಿಯ ಮನೆ ಕೆಳಪೇಟೆಯಲ್ಲೇ ಇತ್ತು. ದೊಡ್ಡೂರಿನ ಆಟೋದವನು, "ಕೆಳಪೇಟೆ ಬಗ್ಗೆ ಜನ ಸುಮ್ನೆ ಮಾತಾಡ್ತಾರೆ. ಲಾಂಡ್ರಿ ಬೀದಿ ಒಂದು ಬಿಟ್ರೆ ಮಿಕ್ಕಿದ್ದೆಲ್ಲ ಬಂಗಾರ" ಎಂದ. ತಂಗಿಯ ಅಂಗಡಿ ಲಾಂಡ್ರಿ ಬೀದಿಯಲ್ಲೇ ಇತ್ತು. ಬೀದಿಯ ತುದಿಯಲ್ಲಿ ನಿಂತಿದ್ದ ದರ್ಜಿ ಹೆಂಗಸನ್ನು ದಾರಿ ಕೇಳಿದರೆ ಅವಳು ಟ್ರಂಕಿನ ಇನ್ನೊಂದು ಹಿಡಿ ಹಿಡಿದುಕೊಂಡು ಜೊತೆಗೇ ನಡೆದಳು. ನಡೆಯುತ್ತಾ ದನಿ ತಗ್ಗಿಸಿ ಕೇಳಿದಳು, "ನೀವು ಗಡಿಯಾಚೆಯವರಾ? ಅಲ್ಲೆಲ್ಲ ಬಹಳ ಕಷ್ಟ ಅಂತಾರಲ್ಲ, ಹೆಂಗಸರು ಒಬ್ಬೊಬ್ಬರೇ ಓಡಾಡೋ ಹಾಗೇ ಇಲ್ವಂತೆ?"

ಬೀಗದಕ್ಕ ಮೆಟ್ಟಿಲಿಲ್ಲದ ಕಡೆ ಮೆಟ್ಟಿಲು ಇಳಿದಂತೆ ಎಡವಿದಳು. "ಯಾರು ಹೇಳಿದ್ದು ಹಾಗೆ?" ಎಂದಳು ಸಿಟ್ಟಿನಿಂದ. ದರ್ಜಿ ಹೆಂಗಸಿಗೆ ಯಾರು ಹೇಳಿದ್ದೆಂದು ನೆನಪಿರಲಿಲ್ಲ.

ಲಾಂಡ್ರಿಯ ಬಾಗಿಲು ಹಾರುಹೊಡೆದಿತ್ತು. ಉದ್ದನೆಯ ಕೋಣೆ, ಒಂದು ಗೋಡೆಗೆ ಒಗೆಯುವ ಯಂತ್ರಗಳ ಸಾಲು, ಇನ್ನೊಂದು ಗೋಡೆಯುದ್ದಕ್ಕೂ ಹ್ಯಾಂಗರಿಗೆ ಹಾಕಿದ ಅಂಗಿಗಳು, ನಡುವೆ ಇಸ್ತ್ರಿ ಮೇಜು. ಬಿಸಿ ಹಬೆ, ಸೋಪಿನ ವಾಸನೆ, ಯಂತ್ರಗಳ ಗುಡುಗುಡು. ಆ ಸದ್ದಿನೊಳಗಿಂದ ತಂಗಿ ಓಡಿ ಬಂದಳು. ಕೂದಲು ಅರ್ಧ ನರೆತಿತ್ತು. ನಗು ಮಾತ್ರ ಹಳೆಯದೇ.

"ಬಂದ್ಯಲ್ಲೇ ಅಕ್ಕಾ! ಜೀವಂತವಾಗಿ ಬಂದ್ಯಲ್ಲ! ಎಲ್ಲಾ ಇದೆಯಾ? ಕಿವಿ, ಮೂಗು, ಎಣಿಸಿ ನೋಡ್ಕೊ!"

"ಸುಮ್ನಿರೇ ಪುಟ್ಟಿ" ಎಂದಳು ಬೀಗದಕ್ಕ. ಇಬ್ಬರೂ ಅಪ್ಪಿಕೊಂಡು ಅತ್ತರು. ತಂಗಿಯ ಗಂಡ, ಜೋಲು ಭುಜದ, ಮಾತು ಕಡಿಮೆಯ ಮನುಷ್ಯ, "ಬನ್ನಿ ಅತ್ತಿಗೆ" ಎಂದು ಟ್ರಂಕು ಒಳಗೆ ತಂದ.

ಅಪ್ಪಿಕೊಂಡಿದ್ದಾಗಲೇ ಬೀಗದಕ್ಕ ತಂಗಿಯ ಕೈ ಹಿಡಿದು ನೋಡಿದ್ದಳು. ಬೆರಳ ತುದಿಗಳೆಲ್ಲ ಬಿರಿದಿದ್ದವು. ಸೋಪಿನ ಖಾರಕ್ಕೆ ಚರ್ಮ ದಪ್ಪವಾಗಿ, ಒರಟಾಗಿ, ಅಲ್ಲಲ್ಲಿ ಇಸ್ತ್ರಿಯ ಸುಟ್ಟ ಗೆರೆ. ಮುಗಿಯಿತು ಎಂದುಕೊಂಡಳು. ಈ ಕೈಗೆ ಗುಡುಗೂ ಕೇಳಿಸಲಾರದು. ಪೆಟ್ಟಿಗೆ ತನಗೇ ಉಳಿಯಿತು ಎಂಬ ಸಮಾಧಾನ ಮೊದಲು ಬಂತು. ಅದರ ಬೆನ್ನಿಗೇ ತಂಗಿಯ ಬಗ್ಗೆ ಒಂದು ಸಂಕಟವೂ ಬಂತು. ಅದನ್ನು ಅವಳು ನಿರೀಕ್ಷಿಸಿರಲಿಲ್ಲ.

ಕೈಕಾಲು ತೊಳೆದು ಬಟ್ಟೆ ಬದಲಿಸೋಣವೆಂದು ಟ್ರಂಕಿನ ಮುಂದೆ ಕೂತಳು. ಸೊಂಟ ಮುಟ್ಟಿದಳು. ಕೈಚೀಲ ಹುಡುಕಿದಳು. ಮತ್ತೆ ಸೊಂಟ ಮುಟ್ಟಿದಳು. ಬಸ್ ನಿಲ್ದಾಣ, ಗಂಡನ ಅಂಗೈ, ಜೇಬಿನ ಗುಂಡಿ ಎಲ್ಲವೂ ಒಂದೇ ಸಲ ಕಣ್ಣ ಮುಂದೆ ಬಂದವು.

ಫೋನು ಮಾಡಿದಳು. ಆ ಕಡೆ ಗಂಡ ಜೇಬಿನ ಗುಂಡಿ ಬಿಚ್ಚುವುದು ಕೂಡ ಕೇಳಿಸಿತು.

"ಇಲ್ಲೇ ಇದೆ ಕಣೇ, ಭದ್ರವಾಗಿದೆ" ಎಂದ ಅವನು, ದೊಡ್ಡ ಸಾಧನೆ ಮಾಡಿದವನಂತೆ.

"ಭದ್ರವಾಗಿದೆಯಂತೆ! ನಿಮ್ಮ ಭದ್ರಕ್ಕೆ ಬೆಂಕಿ ಹಾಕ! ಕೊಟ್ಟಾಗ ಯಾಕೆ ತಗೊಂಡ್ರಿ?"

"ನೀನು ಯಾಕೆ ಕೊಟ್ಟೆ?"

ಬೀಗದಕ್ಕ ಫೋನು ಕುಕ್ಕಿಟ್ಟಳು.

ಸುದ್ದಿ ತಿಳಿದು ತಂಗಿ ಇಸ್ತ್ರಿ ಮೇಜಿಗೆ ಒರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವಳಿಗೆ ಆ ಕಟ್ಟಳೆ ಗೊತ್ತಿತ್ತಲ್ಲ. "ಬೀಗ ಇಲ್ಲಿ, ಕೀ ಅಲ್ಲಿ! ಅಪ್ಪ ಇದ್ದಿದ್ರೆ ಬೆನ್ನು ತಟ್ಟಿ ಶಭಾಷ್ ಅಂತಿದ್ರು!" ನಕ್ಕು ಮುಗಿದ ಮೇಲೆ ಅವಳ ದೃಷ್ಟಿ ಬೀಗದ ಮೇಲೆ ನಿಂತಿತು. ಮುಖ ಸ್ವಲ್ಪ ಸಪ್ಪಗಾಯಿತು. "ಇಷ್ಟು ದೊಡ್ಡ ಬೀಗ ಮಾಡ್ಕೊಂಡು ಬಂದ್ಯಾ ಅಕ್ಕಾ, ನಮ್ಮನೆಗೆ?"

"ದಾರಿಗೆ ಅಂತ ಕಣೇ" ಎಂದಳು ಬೀಗದಕ್ಕ. ತೆರೆದ ಬಾಗಿಲು, ಅಂಗಿಗಳ ಸಾಲು, ಕಾವಲಿಲ್ಲದ ಗಲ್ಲಾ ಕಣ್ಣಿಗೆ ಬಿದ್ದು ಇನ್ನಷ್ಟು ಮುಜುಗರವಾಯಿತು.

"ಗರಗಸ ತಂದು ಕುಯ್ದುಬಿಡೋಣ" ಎಂದ ತಂಗಿಯ ಗಂಡ.

"ಕುಯ್ಯೋಕಾಗಲ್ಲ, ಕೊಂಡಿ ಹದ ಹಾಕಿದ ಉಕ್ಕು" ಎಂದಳು ಬೀಗದಕ್ಕ. ಆ ಮುಜುಗರದಲ್ಲೂ ದನಿಯಲ್ಲಿ ಹೆಮ್ಮೆ ಇಣುಕಿತು.

"ನೀವೇ ಮಾಡಿದ್ದಲ್ವಾ, ನೀವೇ ತೆಗೀರಿ" ಎಂದಳು ಹೋಗದೆ ನಿಂತಿದ್ದ ದರ್ಜಿ ಹೆಂಗಸು. ತೆಗೆಯುವ ಉಪಕರಣ ಟ್ರಂಕಿನ ಒಳಗೆ. ಹತ್ತಿರದ ಕನ್ನಡಕವೂ ಒಳಗೆ. ಆದರೂ ದರ್ಜಿಯ ಸೂಜಿ, ಪಿನ್ನು ಹಾಕಿ ಅವಳು ಪ್ರಯತ್ನಪಟ್ಟಳು. ಪಿನ್ನು ಬಾಗಿತು, ಬೀಗ ಬಾಗಲಿಲ್ಲ. ತಾನು ಎಷ್ಟು ಚೆನ್ನಾಗಿ ಮಾಡಿದ್ದೇನೆಂದು ಅವಳಿಗೆ ಇಷ್ಟು ಕಷ್ಟಪಟ್ಟು ಎಂದೂ ಅರ್ಥವಾಗಿರಲಿಲ್ಲ.

ಕೆಳಪೇಟೆಯ ಬೀಗ ರಿಪೇರಿಯವನನ್ನು ಕರೆಸಿದರು. ದಪ್ಪ ಮನುಷ್ಯ, ತನ್ನದೇ ಚೀಲದೊಂದಿಗೆ ಬಂದ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಕಡ್ಡಿ ಹಾಕಿ, ಹಾಡು ಗುನುಗುತ್ತಾ ಕೆಲಸ ಶುರು ಮಾಡಿದ. ಸ್ವಲ್ಪ ಹೊತ್ತಿಗೆ ಹಾಡು ನಿಂತಿತು. ಇನ್ನು ಸ್ವಲ್ಪ ಹೊತ್ತಿಗೆ ಹಣೆಯಲ್ಲಿ ಬೆವರು. ಅಷ್ಟರಲ್ಲಿ ಬಟ್ಟೆ ಕೊಡಲು ಬಂದವರು, ಒಯ್ಯಲು ಬಂದವರು ಎಲ್ಲ ಸುತ್ತ ನೆರೆದಿದ್ದರು. "ಹೂಂ, ಆಯ್ತು!" ಎಂದು ಅವನು ಎರಡು ಸಲ ಹೇಳಿದ, ಎರಡು ಸಲವೂ ಆಗಿರಲಿಲ್ಲ. ನಾಲ್ಕನೆಯ ಲೀವರು ಅವನನ್ನು ಚೆನ್ನಾಗಿ ಏಮಾರಿಸಿತ್ತು. ಕೊನೆಗೆ ಅವನು ಕಡ್ಡಿ ಕೆಳಗಿಟ್ಟು ಬೀಗವನ್ನು ತಿರುಗಿಸಿ ತಿರುಗಿಸಿ ನೋಡಿದ.

"ಯಾರಪ್ಪಾ ಇದನ್ನ ಮಾಡಿದ್ದು?" ಎಂದ.

"ನಾನು" ಎಂದಳು ಬೀಗದಕ್ಕ.

ಅವನು ಎದ್ದು ನಿಂತು ಕೈಮುಗಿದ. ನೆರೆದವರೆಲ್ಲ ಅವಳ ಕಡೆ ತಿರುಗಿ ಮೆಚ್ಚುಗೆಯ ಸದ್ದು ಮಾಡಿದರು. ಕೆಟ್ಟ ಹೆಸರಿನ ದೇಶದ ಅತಿ ಕೆಟ್ಟ ಊರಿನ ಅತಿ ಕೆಟ್ಟ ಬೀದಿ ಅವಳ ಬೀಗಕ್ಕೆ ತಲೆಬಾಗಿ ನಿಂತಿತ್ತು. ಅವಳು ಹಿಗ್ಗಿ ಹೀರೇಕಾಯಿಯಾದಳು. ಮೈಮೇಲಿನ ಬಟ್ಟೆ ಎರಡು ದಿನದ್ದು, ಬದಲಿಸಲು ಇನ್ನೊಂದಿಲ್ಲ ಎನ್ನುವುದನ್ನು ಆ ಕ್ಷಣಕ್ಕೆ ಮರೆತಿದ್ದಳು.

ಇಷ್ಟು ಹೊತ್ತೂ ತಂಗಿ ಹಿಂದೆ ನಿಂತು ಸುಮ್ಮನೆ ನೋಡುತ್ತಿದ್ದಳು. ಈಗ ಗೋಡೆಯ ಮೇಲಿಂದ ಎರಡು ಖಾಲಿ ಹ್ಯಾಂಗರು ತೆಗೆದಳು. ತಂತಿಯ ಹ್ಯಾಂಗರು, ಲಾಂಡ್ರಿಯಲ್ಲಿ ಅದಕ್ಕೇನು ಬರ. ಎರಡನ್ನೂ ಬಿಚ್ಚಿ ನೆಟ್ಟಗೆ ಮಾಡಿದಳು. ಹೊರಗಿನ ಕಲ್ಲು ಮೆಟ್ಟಿಲ ಮೇಲೆ ತುದಿಗಳನ್ನು ತೇಯ್ದಳು, ಇಸ್ತ್ರಿಯ ಅಂಚಿಗೆ ಒತ್ತಿ ಒಂದರ ತುದಿ ಬಾಗಿಸಿದಳು. ಗಂಡನ ಕಡೆ ತಿರುಗಿ, "ಮೆಷಿನ್ ಎಲ್ಲಾ ನಿಲ್ಸಿ ರೀ" ಎಂದಳು.

"ಎಲ್ಲಾನಾ? ನೊರೆ ತುಂಬಿದೆ ಕಣೇ."

"ಎಲ್ಲಾ."

ಒಂದೊಂದೇ ಯಂತ್ರ ನಿಂತಿತು. ಬೆಳಗಿನಿಂದ ರಾತ್ರಿಯವರೆಗೆ ಗುಡುಗುಡು ಎನ್ನುವ ಆ ಕೋಣೆಯಲ್ಲಿ ನಲ್ಲಿಯ ನೀರು ತೊಟ್ಟಿಕ್ಕುವುದು ಕೇಳತೊಡಗಿತು. ತಂಗಿ ಟ್ರಂಕಿನ ಮುಂದೆ ಮಂಡಿಯೂರಿ, ಒಂದು ತಂತಿಯಿಂದ ಬೀಗವನ್ನು ಬಿಗಿಹಿಡಿದು, ಇನ್ನೊಂದನ್ನು ಒಳಗೆ ಬಿಟ್ಟು, ಕಣ್ಣು ಮುಚ್ಚಿದಳು.

ಬೀಗದಕ್ಕ ಅವಳ ಕೈ ನೋಡುತ್ತಿದ್ದಳು. ಬಿರಿದ ಬೆರಳು ತಂತಿಯನ್ನು ಹಿಡಿದದ್ದು ಬೆರಳ ತುದಿಯಲ್ಲಲ್ಲ. ತುದಿ ಸತ್ತಿತ್ತು, ಅದು ತಂಗಿಗೆ ಗೊತ್ತಿತ್ತು. ಬೆರಳ ಪಕ್ಕದಲ್ಲಿ, ಚರ್ಮ ಇನ್ನೂ ಮೆತ್ತಗೆ ಉಳಿದಿದ್ದ ಕಡೆ ತಂತಿ ಆನಿಸಿಕೊಂಡಿದ್ದಳು. ಹಾಗೆ ಹಿಡಿಯುವುದನ್ನು ಅಪ್ಪ ಹೇಳಿಕೊಟ್ಟಿರಲಿಲ್ಲ. ಒಂದು ದಿನದಲ್ಲಿ ಕಲಿತದ್ದೂ ಅಲ್ಲ. ಅಂದರೆ ಇವಳು ಇಲ್ಲಿ, ಈ ಸೋಪು, ಹಬೆ, ಗದ್ದಲಗಳ ನಡುವೆ, ಯಾರಿಗೂ ಹೇಳದೆ ಕೈಯನ್ನು ಉಳಿಸಿಕೊಂಡಿದ್ದಾಳೆ. ಒಂದು ಕಡೆ ಸತ್ತರೆ ಇನ್ನೊಂದು ಕಡೆ ಹುಡುಕಿಕೊಂಡಿದ್ದಾಳೆ.

ಒಂದು. ಎರಡು. ಮೂರು. ನಾಲ್ಕನೆಯದು ತನ್ನ ಸುಳ್ಳು ಸದ್ದು ಮಾಡಿತು. "ಆಯ್ತು!" ಎಂದ ದಪ್ಪ ಮನುಷ್ಯ ತಡೆಯಲಾರದೆ. ನಂಬಿಬಿಡು ಎಂದುಕೊಂಡಳೋ, ನಂಬಬೇಡವೇ ಎಂದುಕೊಂಡಳೋ, ಬೀಗದಕ್ಕನಿಗೇ ಗೊತ್ತಾಗಲಿಲ್ಲ.

ತಂಗಿ ನಿಲ್ಲಿಸಿದಳು. ಕಣ್ಣು ಮುಚ್ಚಿಕೊಂಡೇ ತುಟಿಯಂಚಿನಲ್ಲಿ ನಕ್ಕಳು. "ಕಿಲಾಡಿ" ಎಂದಳು ಮೆಲ್ಲಗೆ, ಲೀವರಿಗೋ ಅಕ್ಕನಿಗೋ. ತಂತಿಯನ್ನು ಕೂದಲೆಳೆಯಷ್ಟು ಹಿಂದೆಳೆದು ಮತ್ತೆ ಎತ್ತಿದಳು. ಆಮೇಲೆ ಐದು, ಆರು. ಬೀಗದ ಕೊಂಡಿ ಟಕ್ಕೆಂದು ಬಿಟ್ಟುಕೊಂಡಿತು.

ಜನ ಹೋ ಎಂದು ಕೂಗಿ ಟ್ರಂಕಿನ ಮೇಲೆ ಬಗ್ಗಿದರು. ತಂಗಿ ಬಗ್ಗಲಿಲ್ಲ. ಕೊಂಡಿಯಿಂದ ಬೀಗ ಕಳಚಿ ಕೆಳಗಿಟ್ಟು, ಮುಚ್ಚಳ ಮುಟ್ಟದೆ ಎದ್ದು, ಮೂರು ಹೆಜ್ಜೆ ಹಿಂದೆ ಸರಿದು, ಗೋಡೆಯ ಕಡೆ ಮುಖ ಮಾಡಿ ನಿಂತಳು.

ಅಪ್ಪನ ಅಂಗಡಿಯ ಎರಡನೆಯ ಕಟ್ಟಳೆ ಅದು. ಬೇರೆಯವರ ಬೀಗ ತೆರೆದ ಮೇಲೆ ಒಳಗೇನಿದೆ ಎಂದು ನೋಡುವಂತಿಲ್ಲ. ಯಜಮಾನರು ಕರೆಯುವ ತನಕ ಗೋಡೆ ನೋಡುತ್ತಾ ನಿಲ್ಲಬೇಕು. ಈ ಕಟ್ಟಳೆಯಿಂದಲೇ ಊರಿನವರು ಅಪ್ಪನನ್ನು ಮನೆಯೊಳಗೆ ಒಬ್ಬರನ್ನೇ ಬಿಟ್ಟು ಹೋಗುತ್ತಿದ್ದರು. ಚಿಕ್ಕಂದಿನಲ್ಲಿ ಇವಳು ಹೀಗೇ, ಎರಡು ಜಡೆ ಬೆನ್ನ ಮೇಲೆ ಬಿಟ್ಟುಕೊಂಡು, ನಗು ತಡೆಯುತ್ತಾ ಗೋಡೆಗೆ ಮುಖ ಕೊಟ್ಟು ನಿಲ್ಲುತ್ತಿದ್ದಳು. ಈಗ ಜಡೆ ಒಂದೇ, ಅದೂ ನರೆತದ್ದು. ನಿಲುವು ಅದೇ.

ಸೋತದ್ದು ಬೀಗದಕ್ಕ. ಜೀವಮಾನದ ಅತ್ಯುತ್ತಮ ಬೀಗ ಲಾಂಡ್ರಿಯ ಹ್ಯಾಂಗರಿಗೆ ಬಿಟ್ಟುಕೊಟ್ಟಿತ್ತು. ಹಾಗಿದ್ದೂ, ಸಾಲಾಗಿ ನಿಂತಿದ್ದ ಆ ಬೀದಿಯವರಿಗೆಲ್ಲ ಕೂಗಿ ಹೇಳಬೇಕೆನ್ನಿಸುವಷ್ಟು ಹೆಮ್ಮೆ ಒಳಗಿಂದ ಉಕ್ಕಿ ಬಂತು. ಪೆಟ್ಟಿಗೆ ತನಗೆ ಉಳಿಯಲಿ ಎಂಬ ಆಸೆ ಅದರಲ್ಲಿ ಎಲ್ಲಿ ಕೊಚ್ಚಿಹೋಯಿತೋ ತಿಳಿಯದು.

"ನನ್ನ ತಂಗಿ" ಎಂದಳು ದಪ್ಪ ಮನುಷ್ಯನಿಗೆ, ಅವನಿಗೆ ಗೊತ್ತಿಲ್ಲವೇನೋ ಎಂಬಂತೆ. "ನಮ್ಮಪ್ಪನ ಮಗಳು."

ಮುಚ್ಚಳ ತೆರೆದು, ಬಟ್ಟೆಗಳ ಕೆಳಗಿಂದ ಮರದ ಪೆಟ್ಟಿಗೆ ಎತ್ತಿ, ಎರಡೂ ಕೈಯಲ್ಲಿ ಹಿಡಿದು ನಿಂತಳು.

"ತಿರುಗು ಪುಟ್ಟಿ" ಎಂದಳು.

ತಂಗಿ ತಿರುಗಿದಳು. ಪೆಟ್ಟಿಗೆ ನೋಡಿದಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು.

"ಅಪ್ಪ ಕೊಡು ಅಂದ್ರು" ಎಂದಳು ಬೀಗದಕ್ಕ. "ನಿನ್ನ ಕೈಗೆ ಇನ್ನೂ ಕೇಳಿಸಿದ್ರೆ ಕೊಡು ಅಂದ್ರು. ಕೇಳಿಸುತ್ತೆ ಕಣೇ. ನನಗಿಂತ ಚೆನ್ನಾಗಿ ಕೇಳಿಸುತ್ತೆ."

ತಂಗಿ ಪೆಟ್ಟಿಗೆಯನ್ನು ಎದೆಗವಚಿಕೊಂಡು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಗಂಡ ಯಂತ್ರಗಳನ್ನು ಶುರು ಮಾಡಲು ಕೈ ಚಾಚಿದವನು ಹಾಗೇ ನಿಂತ. ಅವಳು ಅತ್ತು ಮುಗಿಸುವ ತನಕ ಕೆಳಪೇಟೆಯ ಲಾಂಡ್ರಿ ಬೀದಿಯಲ್ಲಿ ಯಾರೂ ಒಂದೂ ಬಟ್ಟೆ ಒಗೆಯಲಿಲ್ಲ.

ಬೀಗದಕ್ಕ ಹೊರಡುವ ದಿನ ಬಸ್ಸಿನವರೆಗೆ ಅರ್ಧ ಬೀದಿ ಬಂತು. ಟ್ರಂಕಿಗೆ ಬೀಗವಿರಲಿಲ್ಲ, ಹ್ಯಾಂಗರಿನ ತಂತಿಯನ್ನೇ ಕೊಂಡಿಗೆ ಸುತ್ತಿದ್ದಳು. ಬೀಗವನ್ನು ತಂಗಿಯ ಗಲ್ಲಾದ ಮೇಲೆ ಇಟ್ಟು ಬಂದಿದ್ದಳು.

"ಬೀಗ ನಿನ್ನ ಹತ್ರ ಇರಲಿ. ಕೀ ನಿಮ್ಮ ಭಾವನ ಜೇಬಲ್ಲಿದೆ" ಎಂದಳು ಕಿಟಕಿಯಿಂದ ಬಗ್ಗಿ. "ಎರಡೂ ಒಂದೇ ದಾರೀಲಿ ಬರೋ ಹಾಗಿಲ್ಲ, ಗೊತ್ತಲ್ಲ. ನೀನೇ ಬಂದು ತಗೊಂಡು ಹೋಗು."

"ನಂಗ್ಯಾಕೆ ಬೇಕೇ ಕೀ?" ಎಂದು ತಂಗಿ ನಕ್ಕಳು.

"ಬೇಡ ಅಂತ ಗೊತ್ತು. ಆದ್ರೂ ಬಾ."

ಈ ಸಲ ತಂಗಿಯ ನಗುವಿನಲ್ಲಿ ಚುಚ್ಚುವಂಥದ್ದು ಏನೂ ಇರಲಿಲ್ಲ. "ಬರ್ತೀನಿ ಅಕ್ಕಾ" ಎಂದಳು.

ಗಡಿ ದಾಟಿದ ಮೇಲೆ ಪಕ್ಕದ ಸೀಟಿಗೆ ಈ ಕಡೆಯ ಹೆಂಗಸೊಬ್ಬಳು ಹತ್ತಿದಳು. ಟ್ರಂಕಿನ ತಂತಿ ನೋಡಿದಳು, ಬೀಗದಕ್ಕನ ಮುಖ ನೋಡಿದಳು. "ಆ ದೇಶದಿಂದ ಬರ್ತಿದೀರಾ? ಅಲ್ಲಿ ಭಾರೀ ಕಳ್ಳತನ ಅಂತಾರಲ್ಲ. ನಿಮಗೇನೂ ಆಗಲಿಲ್ಲ ತಾನೇ?"

"ಆಗದೇ ಏನು!" ಎಂದಳು ಬೀಗದಕ್ಕ, ಬೆನ್ನು ನೆಟ್ಟಗೆ ಮಾಡಿಕೊಂಡು. "ಆರು ಲೀವರಿನ ಬೀಗ, ನಾನೇ ಮಾಡಿದ್ದು. ಹಾಡುಹಗಲಲ್ಲಿ, ಬೀದಿಯವರೆಲ್ಲ ನೋಡ್ತಿದ್ದ ಹಾಗೇ, ಬಟ್ಟೆ ಹಾಕೋ ಹ್ಯಾಂಗರ್ ತಂತೀಲಿ ತೆಗೆದುಬಿಟ್ರು. ಒಂದು ಗೀರಿಲ್ಲ!"

"ಅಯ್ಯೋ ಶಿವನೇ! ಯಾರು?"

ಬೀಗದಕ್ಕ ಬಸ್ಸಿನವರೆಲ್ಲ ತನ್ನ ಕಡೆ ತಿರುಗುವ ತನಕ ಕಾದಳು.

"ನನ್ನ ತಂಗಿ" ಎಂದಳು.